ಹದಿಮೂರು ಕೈಗವಸು, ಒಂದೇ ದಾರ

ಹುಚ್ಚಯ್ಯ ಹಾಕಿದ ಗಂಟನ್ನು ಮಲ್ಲಾಜಮ್ಮನೇ ಬಿಚ್ಚಬೇಕು ಅಂತ ಆ ಕೇರಿಯಲ್ಲಿ ಒಂದು ಮಾತಿತ್ತು. ಹುಟ್ಟಿದ್ದು ಎದುರು ಮನೆ ಕುಳ್ಳಮ್ಮನ ಬಾಯಲ್ಲಿ, ಬೆಳೆದದ್ದು ನೀರಿನ ತೊಂಬೆಯ ಹತ್ತಿರ, ಕಾಲು ಬಂದು ನಡೆದದ್ದು ರಾವಂದೂರಿನ ಸಂತೆಯವರೆಗೆ.

ಮಾತು ಸುಮ್ಮನೆ ಹುಟ್ಟಲಿಲ್ಲ ಅನ್ನಿ. ಒಂದು ಸಲ ಹುಚ್ಚಯ್ಯ ತಾನೇ ಕಂಡುಹಿಡಿದ ಹೊಸ ಗಂಟೊಂದನ್ನು ಎಮ್ಮೆಯ ಹಗ್ಗಕ್ಕೆ ಹಾಕಿದ. ಎಮ್ಮೆ ಗೂಟವನ್ನು ಸುತ್ತಿ ಸುತ್ತಿ ಕೊನೆಗೆ ಗೂಟಕ್ಕೇ ಮೂಗು ಒತ್ತಿಕೊಂಡು, ಅದಕ್ಕೇನೋ ಗುಟ್ಟು ಹೇಳುವ ಹಾಗೆ ನಿಂತುಬಿಟ್ಟಿತು. ಕುಡುಗೋಲು ತಂದು ಬಿಡಿಸಿದವಳು ಹೆಂಡತಿ ಮಲ್ಲಾಜಮ್ಮ. ಇನ್ನೊಂದು ಸಲ ಎರಡು ಮನೆಯವರ ಬೇಲಿ ಜಗಳ ಬಗೆಹರಿಸುತ್ತೇನೆಂದು ಹೋಗಿ, ಸಂಬಂಧವೇ ಇಲ್ಲದ ಮೂರನೆಯ ಮನೆಯವರನ್ನೂ ಜಗಳದೊಳಕ್ಕೆ ಎಳೆದು ಬಂದ. ಮೂರೂ ಮನೆಗೆ ಒಬ್ಬಟ್ಟು ಕಳಿಸಿ ಬಾಯಿ ಮುಚ್ಚಿಸಿದವಳೂ ಅವಳೇ.

ಇಷ್ಟಾದರೂ ಹುಚ್ಚಯ್ಯನಿಗೆ ತನ್ನ ಕೈಯ ಮೇಲೆ ಇದ್ದ ನಂಬಿಕೆ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಿರಲಿಲ್ಲ. ಆಗಬೇಕಾದ ಕಾರಣವೂ ಇರಲಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಸೊಪ್ಪು ತುಂಬಿ ಕಾಯಿಸುವ ಮನೆಯಾದ ಬ್ಯಾರನ್ನಿನ ಹೊರಗೋಡೆಗೆ ಅಂಗೈ ಒತ್ತಿ, "ಇನ್ನೆರಡು ಸೌದೆ ಆಕ್ರಲಾ" ಅಂತ ಅವನು ಹೇಳಿದರೆ ಒಳಗಿದ್ದ ಥರ್ಮಾಮೀಟರು ಆಮೇಲೆ ನಿಧಾನವಾಗಿ ಒಪ್ಪಿಕೊಳ್ಳುತ್ತಿತ್ತು. ಅಂಥ ಅಂಗೈ ಇರುವ ಗಂಡಸು ಯಾವ ಕೆಲಸಕ್ಕೆ ಹೆದರಿಯಾನು?

"ಒಂದ್ಸಲ ಕಣ್ಣಲ್ಲಿ ನೋಡುದ್ರೆ ಸಾಕು, ಈ ಕೈ ಅದನ್ನ ಮಾಡ್ತದೆ," ಅನ್ನುತ್ತಿದ್ದ.

"ಪೂರ್ತಿ ನೋಡುದ್ರೆ ತಾನೆ," ಅನ್ನುತ್ತಿದ್ದಳು ಮಲ್ಲಾಜಮ್ಮ.

ಈ ಕಥೆ ಇರುವುದೇ ಆ 'ಪೂರ್ತಿ' ಅನ್ನುವ ಮಾತಿನಲ್ಲಿ.

ಆ ವರ್ಷ ಮಗಳು ಶಾಂತಲಾ ಎರಡನೇ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು. ಗಂಡನ ಊರಾದ ಸಾಲಿಗ್ರಾಮದಿಂದ ಕೂಸಿಗೆಂದು ಒಂದು ಚೀಲ ಬಟ್ಟೆ ಬಂತು. ಅದರಲ್ಲಿ ಒಂದು ಜೊತೆ ಬಿಳಿ ಉಲ್ಲನ್ ಕೈಗವಸು. ಮಣಿಕಟ್ಟಿನ ಹತ್ತಿರ ನೀಲಿ ಅಂಚು. ಮೂರು ತಿಂಗಳು ತುಂಬುವ ತನಕ ಕೂಸಿನ ಉಗುರು ತೆಗೆಯಬಾರದು ಅಂತ ಮನೆಯ ಕಟ್ಟಳೆ. ಕೂಸೋ, ನಿದ್ದೆಗಣ್ಣಲ್ಲಿ ತನ್ನ ಕೆನ್ನೆಯನ್ನೇ ಬೇರೆಯವರ ಕೆನ್ನೆ ಅಂದುಕೊಂಡು ಪರಚುತ್ತಿತ್ತು. ಕೈಗವಸು ಹಾಕಿದ ಮೇಲೆ ಮನೆ ತಣ್ಣಗಾಯಿತು.

ತಣ್ಣಗಾಗದೆ ಉಳಿದವಳು ಚಿನ್ನು. ಶಾಂತಲಾಳ ಹಿರಿ ಮಗಳು, ಐದು ವರ್ಷ. ತಮ್ಮ ಹುಟ್ಟಿದ ಮೇಲೆ ಅವಳಿಗೆ ಒದಗಿದ ನಷ್ಟಗಳನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆದರೆ ಒಂದನ್ನೂ ಮರೆತಿರಲಿಲ್ಲ. ಒಂದು ಬೆಳಗ್ಗೆ ಕೂಸಿನ ಕೈ ಬರಿದಾಗಿತ್ತು, ಕೆನ್ನೆಯ ಮೇಲೆ ಮೂರು ಕೆಂಪು ಗೀರು. ಹುಡುಕಿದರೆ ಕೈಗವಸು ಸಿಕ್ಕಿದ್ದು ಚಿನ್ನುವಿನ ಗೊಂಬೆಯ ಕೈಯಲ್ಲಿ. ಕನ್ನಡಕ ಹಾಕಿದ ಪ್ಲಾಸ್ಟಿಕ್ ಗೊಂಬೆ ಅದು. ಹೆಸರು 'ಮಿಸ್ಸು'.

"ಕೊಡು ಇಲ್ಲಿ," ಅಂದಳು ಶಾಂತಲಾ.

"ಕೊಡಕಿಲ್ಲ. ನನ್ ಮಕ್ಳಿಗೂ ಚಳಿ."

"ಗೊಂಬೆಗೆ ಎಂಥ ಚಳಿಯೇ?"

"ಪಾಪಂಗೆ ಹೇಳಕ್ಕೇ ಬರಲ್ಲ. ಅದಕ್ಕೆ ಚಳಿ ಅಂತ ನಿಂಗೆ ಯಾರು ಹೇಳುದ್ರು?"

ಚಿನ್ನು ತನ್ನ ಷರತ್ತು ಹೇಳಿದಳು. ಅವಳಿಗೆ ಏಳು ಮಕ್ಕಳು: ಮಿಸ್ಸು, ಒಂದು ಕರಡಿ, ಒಬ್ಬ ಪೊಲೀಸು, ಅಜ್ಜಿಯ ರವಿಕೆ ತುಂಡಿನಲ್ಲಿ ಹೊಲಿದ ಬಟ್ಟೆ ಗೊಂಬೆ ಒಂದು, ಹೆಸರಿಡಲು ಪುರುಸೊತ್ತಾಗದ ಇನ್ನೂ ಮೂವರು. ಏಳು ಜನಕ್ಕೂ ಗ್ಲೌಸು ಬೇಕು. ಬರುವ ಭಾನುವಾರ ಅಪ್ಪನೂ ಅಪ್ಪನ ಅವ್ವನೂ ಬಂದು ಎಲ್ಲರನ್ನೂ ಸಾಲಿಗ್ರಾಮಕ್ಕೆ ಕರೆದುಕೊಂಡು ಹೋಗುವುದರೊಳಗೆ ಆಗಬೇಕು. ಆಗದಿದ್ದರೆ ಪಾಪನ ಗ್ಲೌಸು ವಾಪಸು. ಅವಳೂ ಊರಿಗೆ ಬರಕಿಲ್ಲ.

ಶಾಂತಲಾ ತಲೆ ಮೇಲೆ ಕೈಹೊತ್ತಳು. "ಅವ್ವ, ನಮ್ ಅತ್ತೆ ಕಣ್ಣು ಗೊತ್ತಲ್ಲ. ಅನ್ನದಲ್ಲಿರೋ ಕಲ್ಲು ತಟ್ಟೆಗೆ ಬೀಳೋ ಮುಂಚೆ ಕಾಣ್ತದೆ ಅವರ್ಗೆ. ಕೂಸಿನ ಮುಖ ನೋಡಿ ಏನಂದಾರು?"

"ತವರುಮನೇಲಿ ಬಾಣಂತನ ಮಾಡುದ್ರೋ ಕೋಳಿಜಗಳ ಮಾಡ್ಸುದ್ರೋ ಅಂತಾರೆ," ಅಂದಳು ಮಲ್ಲಾಜಮ್ಮ. "ರೀ, ನಾಳೆ ಪಿರಿಯಾಪಟ್ಟಣಕ್ಕೆ ಓಗಿ ಸಣ್ಣವು ಏಳು ಜೊತೆ ತಕಬನ್ನಿ."

ಅಷ್ಟಕ್ಕೇ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹುಚ್ಚಯ್ಯ ಮಿಸ್ಸಿನ ಕೈಯಿಂದ ಆ ಬಿಳಿ ಕೈಗವಸನ್ನು ಬಿಡಿಸಿ, ಹೊಗೆಸೊಪ್ಪಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಹಿಡಿದು ನೋಡಿದ.

"ಅಂಗಡಿ ಮಾಲು," ಅಂದ. "ಮಿಷಿನ್ನಲ್ಲಿ ಒತ್ತಿ ತಗ್ದಿರೋದು. ಜೀವ ಇಲ್ಲ ಇದ್ರಲ್ಲಿ. ಚಿನ್ನವ್ವ, ತಾತ ಹೆಣ್ದು ಕೊಡ್ತೀನಿ ಕಣವ್ವ ನಿನ್ ಮಕ್ಳಿಗೆ. ಇದ್ರಪ್ಪನಂಥ ಗ್ಲೌಸು."

"ಆಣೆ?"

ಹುಚ್ಚಯ್ಯ ಮಿಸ್ಸಿನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಚಿನ್ನು ಅಂದೇ ಕೈಗವಸನ್ನು ತಮ್ಮನಿಗೆ ಹಿಂದಕ್ಕೆ ಕೊಟ್ಟಳು. ಭಾನುವಾರದವರೆಗೆ ಕಡ ಅಂತ ಸ್ಪಷ್ಟವಾಗಿ ಹೇಳಿಯೇ ಕೊಟ್ಟಳು.

ಮಂಗಳವಾರ ಬೆಳಗ್ಗೆ ಹುಚ್ಚಯ್ಯ ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹತ್ತಿರ ಇಳಿದ. ಚಳಿ ಶುರುವಾದರೆ ಅಲ್ಲಿ ಬೈಲಕುಪ್ಪೆ ಕಡೆಯ ಟಿಬೆಟಿನ ಹೆಂಗಸೊಬ್ಬಳು ಸ್ವೆಟರು ಹರಡಿಕೊಂಡು ಕೂರುತ್ತಾಳೆ. ವ್ಯಾಪಾರವಿಲ್ಲದಾಗ ಅವಳ ಕೈ ಸುಮ್ಮನಿರುವುದಿಲ್ಲ. ಎರಡು ಕಡ್ಡಿ ಹಿಡಿದು ಹೆಣೆಯುತ್ತಲೇ ಇರುತ್ತಾಳೆ. ಹುಚ್ಚಯ್ಯ ಅವಳ ಹತ್ತಿರ ಒಂದು ಉಂಡೆ ಕೆಂಪು ಉಲ್ಲನ್ ದಾರ ತೆಗೆದುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಅವಳು ನಿಧಾನವಾಗಿ ತೋರಿಸಿದಳು. ಕಡ್ಡಿಗೆ ಹೀಗೆ ಕುಣಿಕೆ ಏರಿಸಬೇಕು. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಹೀಗೆ ಹೊರಕ್ಕೆ ಕರೆಯಬೇಕು. ಸಾಲು ಮುಗಿದರೆ ಕಡ್ಡಿ ಕೈ ಬದಲಿಸಬೇಕು.

"ತಿಳೀತು, ತಿಳೀತು," ಅಂದ ಹುಚ್ಚಯ್ಯ. ನಿಜವಾಗಿಯೂ ತಿಳಿದಿತ್ತು. ಆ ಕೈ ಸುಳ್ಳು ಹೇಳುವ ಕೈಯಲ್ಲ.

"ಈಗ ಮುಚ್ಚೋದು ನೋಡಿ ಅಂಕಲ್," ಅಂದಳು ಅವಳು. "ಎಲ್ಲ ಮುಗಿದ ಮೇಲೆ ಕೊನೆ..."

ಅಷ್ಟರಲ್ಲಿ "ರಾವಂದೂರ್, ರಾವಂದೂರ್" ಅಂತ ಕಂಡಕ್ಟರು ಕೂಗಿದ. ಹುಚ್ಚಯ್ಯ ದಾರದ ಉಂಡೆ ಕಂಕುಳಲ್ಲಿಟ್ಟುಕೊಂಡು ಎದ್ದೇಬಿಟ್ಟ.

"ಅಂಕಲ್, ಕೊನೆ ನೋಡ್ಕೊಂಡು ಹೋಗಿ. ಕೊನೆಯೇ ಮುಖ್ಯ."

"ಕೊನೆ ತಾನೆ? ಅದು ಬತ್ತದೆ ಬುಡವ್ವ," ಅಂದು ಬಸ್ಸು ಹತ್ತಿದ.

ದಾರ ಬಂತು, ಹೆಣೆಯುವ ಕಡ್ಡಿ ತರಲಿಲ್ಲ. ಮನೆಯಲ್ಲಿ ಸೈಕಲ್ ಇರುವಾಗ ಕಡ್ಡಿಗೆ ಯಾರಾದರೂ ಕಾಸು ಕೊಡುತ್ತಾರೆಯೇ? ಹಿಂದಿನ ಚಕ್ರದಿಂದ ಎರಡು ಕಡ್ಡಿ ಬಿಚ್ಚಿದ. ತುದಿ ಉಜ್ಜುವಾಗ ಒಂದು ಬಗ್ಗಿತು, ಇನ್ನೊಂದು ಮುರಿಯಿತು. ಮತ್ತೆರಡು ಬಿಚ್ಚಿದ. ಬುಧವಾರದ ಹೊತ್ತಿಗೆ ಚಕ್ರದಿಂದ ಒಂಬತ್ತು ಕಡ್ಡಿ ಹೋಗಿದ್ದವು. ಸೈಕಲ್ ಮಾತ್ರ ಏನೂ ನಡೆದೇ ಇಲ್ಲ ಅನ್ನುವವರ ಹಾಗೆ ಗೋಡೆಗೆ ಒರಗಿ ನಿಂತಿತ್ತು.

ಮೊದಲ ಕೈಗವಸು ಬುಧವಾರ ಸಂಜೆ ಸಿದ್ಧವಾಯಿತು. ಅದನ್ನು ಚಿನ್ನು ಮಿಸ್ಸಿನ ಕೈಗೆ ಹಾಕಲು ಹೋದರೆ ಮಿಸ್ಸು ತಲೆಸಮೇತ ಒಳಗೆ ಹೋದಳು.

"ಇದು ಗ್ಲೌಸಾ, ಗೋಣಿಚೀಲವಾ?" ಅಂದಳು ಮಲ್ಲಾಜಮ್ಮ.

"ಮೊದಲ ಬ್ಯಾರನ್ ಸೊಪ್ಪು ಯಾವತ್ತೂ ಸುಮಾರೇ ಕಣೆ," ಅಂದು ಹುಚ್ಚಯ್ಯ ಅದನ್ನು ಬಿಚ್ಚಿ ಮತ್ತೆ ಶುರುಮಾಡಿದ. ಎರಡನೆಯದಕ್ಕೆ ಎಷ್ಟು ಜಾಗ್ರತೆ ವಹಿಸಿದನೆಂದರೆ, ಅದು ಪೊಲೀಸಿನ ಕೈಗೆ ಹೋಗಲೊಲ್ಲದು. ಒತ್ತಿದ. ತಿರುಪಿದ. ಎಣ್ಣೆ ಹಚ್ಚಿ ಒತ್ತಿದ. ಕೈಗವಸು ಕೊನೆಗೂ ಏರಿತು. ಸರಿಯಾಗಿ ಕೂತಿದೆಯೋ ಅಂತ ಎಳೆದು ನೋಡಿದ. ಕೈಗವಸು ಬರಲಿಲ್ಲ, ಪೊಲೀಸಿನ ತೋಳು ಬುಡಸಮೇತ ಬಂತು.

ಚಿನ್ನು ಅಂಗಳದಲ್ಲಿದ್ದಳು. ಹುಚ್ಚಯ್ಯ ಆ ಕಡೆ ಈ ಕಡೆ ನೋಡಿ, ಕೈಗವಸನ್ನು ಬಿಚ್ಚಿ ತೆಗೆದು, ತೋಳನ್ನು ಎಲೆಅಡಿಕೆ ಚೀಲದೊಳಕ್ಕೆ ಇಳಿಸಿದ. ಆದರೆ ಹೆತ್ತ ಕರುಳಿಗೆ ಗೊತ್ತಾಗದೆ ಇರುತ್ತದೆಯೇ? ಊಟದ ಹೊತ್ತಿಗೆ ಲೆಕ್ಕ ಹಾಕಿಬಿಟ್ಟಳು.

"ತಾತ, ಪೊಲೀಸಪ್ಪನ ಕೈ ಎಲ್ಲೋಯ್ತು?"

"ಡ್ಯೂಟಿಗೆ ಓಗೈತೆ ಕಣವ್ವ."

"ಕೈ ಒಂದೇನಾ?"

"ಸಣ್ಣ ಡ್ಯೂಟಿ."

ಚಿನ್ನು ಬೆರಳು ಮಡಿಸಿ ಎಣಿಸಿದಳು. "ಹಂಗಾದ್ರೆ ಹದಿಮೂರು ಗ್ಲೌಸು ಸಾಕು," ಅಂದಳು. ಕೆಲಸದಲ್ಲಿ ಇಷ್ಟು ನ್ಯಾಯವಾಗಿ ನಡೆದುಕೊಳ್ಳುವ ಯಜಮಾನ ಸಿಗುವುದು ಅಪರೂಪ.

ಗುರುವಾರದಿಂದ ಹುಚ್ಚಯ್ಯನ ಕೈ ಹದಕ್ಕೆ ಬಂತು. ಒಂದರ ಹಿಂದೆ ಒಂದು ಹೆಬ್ಬೆರಳಷ್ಟು ಉದ್ದದ ಕೆಂಪು ಕೈಗವಸುಗಳು ಇಳಿಯತೊಡಗಿದವು. ನೋಡಲು ಚೆನ್ನಾಗಿಯೇ ಇದ್ದವು. ಸುಳ್ಳು ಯಾಕೆ ಹೇಳಬೇಕು. ತೊಡಕಿದ್ದದ್ದು ಒಂದೇ. ಪ್ರತಿಯೊಂದನ್ನೂ ಮುಗಿಸುವುದು ಹೇಗೆ? ಆ ಹೊತ್ತಿಗೇ ಅಲ್ಲವೇ ಬಸ್ಸು ಬಂದದ್ದು? ಹುಚ್ಚಯ್ಯ ಚಿಂತೆ ಮಾಡಲಿಲ್ಲ. ಕೈಗೆ ಬಿಟ್ಟ. ಕೈಗೆ ಒಂದು ಗಂಟು ಚೆನ್ನಾಗಿ ಗೊತ್ತಿತ್ತು. ಮೂವತ್ತೈದು ವರ್ಷದಿಂದ ಗೊತ್ತಿತ್ತು. ಅದನ್ನೇ ಹಾಕಿತು.

ಹೊಗೆಸೊಪ್ಪನ್ನು ಬ್ಯಾರನ್ನಿಗೆ ಏರಿಸುವ ಮುಂಚೆ ಉದ್ದನೆಯ ಕೋಲಿಗೆ ಹುರಿಯಲ್ಲಿ ಕಟ್ಟುತ್ತಾರೆ. ಎರಡು ಎಲೆ ಈ ಕಡೆ, ಎರಡು ಎಲೆ ಆ ಕಡೆ, ಕೋಲಿನ ಈ ತುದಿಯಿಂದ ಆ ತುದಿಗೆ ಒಂದೇ ಹುರಿ. ಬೆಂಕಿಯ ಕಾವಿಗೆ ಎಲೆ ಬಾಡಿದರೂ ಉದುರಬಾರದು, ಅಂಥ ಬಿಗಿ. ಆದರೆ ಬೆಂದ ಸೊಪ್ಪನ್ನು ಇಳಿಸುವಾಗ ಒಂದೊಂದೇ ಗಂಟು ಬಿಚ್ಚುತ್ತಾ ಕೂತರೆ ಮುಗಿಯುತ್ತದೆಯೇ? ಅದಕ್ಕೇ ಆ ಗಂಟಿನಲ್ಲಿ ಒಂದು ಚಮತ್ಕಾರ. ಹುರಿಯ ಕೊನೆ ಹಿಡಿದು ಒಂದು ಸಲ ಎಳೆದರೆ, ಕೋಲಿನ ಅಷ್ಟೂ ಎಲೆ ಸರಸರನೆ ನೆಲಕ್ಕೆ.

ಹುಚ್ಚಯ್ಯ ಕಟ್ಟಿದ್ದು ಆ ಗಂಟು. ಅದೂ ದಾರವನ್ನು ಎಲ್ಲೂ ಕಡಿಯದೆ. ಒಂದು ಕೈಗವಸು ಮುಗಿದ ಕಡೆಯಿಂದಲೇ ಗೇಣು ದಾರ ಬಿಟ್ಟು ಮುಂದಿನದನ್ನು ಶುರುಮಾಡಿದ್ದ. ಒಂದು ಕೋಲಿಗೆ ಒಂದು ಹುರಿ. ನಡುವೆ ಹುರಿ ಕಡಿಯುವವನು ಅವನ ಲೆಕ್ಕದಲ್ಲಿ ಕೆಲಸಗಾರನೇ ಅಲ್ಲ.

ಶುಕ್ರವಾರ ಮಲ್ಲಾಜಮ್ಮ ಮಾಲೆಯ ಹಾಗಿದ್ದ ಅದನ್ನು ಕೈಗೆತ್ತಿಕೊಂಡಳು. ಸೊಪ್ಪು ಕಟ್ಟುವುದರಲ್ಲಿ ಇಡೀ ಹೋಬಳಿಯಲ್ಲಿ ಅವಳ ಬೆರಳಿಗೆ ಸಮ ಇರಲಿಲ್ಲ.

"ರೀ, ಇದು ಎಳುದ್ರೆ ಬಿಚ್ಚೋ ಗಂಟು."

"ಗೊತ್ತು ಬುಡೆ."

"ಗೊತ್ತಿದ್ದೂ ಹಾಕಿದ್ದೀರಾ?"

"ಎಳೆಯೋರು ಯಾರೆ? ಗೊಂಬೆಗಳೇನ್ ಹಗ್ಗಜಗ್ಗಾಟ ಆಡ್ತಾವಾ?"

"ಒಂದೊಂದನ್ನೂ ಬಿಡಿಬಿಡಿ ಮಾಡಿ ಗಟ್ಟಿ ಗಂಟು ಹಾಕಿ."

"ಬಿಡಿ ಮಾಡುದ್ರೆ ಚಿನ್ನು ಕಳೀತಾಳೆ. ಇಂಗಿದ್ರೆ ಒಂದು ಸಿಕ್ಕುದ್ರೆ ಹದಿಮೂರೂ ಸಿಕ್ತವೆ."

ಈ ಮಾತಿನಲ್ಲಿ ನ್ಯಾಯವಿತ್ತು. ಹುಚ್ಚಯ್ಯನ ಮಾತಿನಲ್ಲಿ ನ್ಯಾಯ ಇರುವಾಗಲೇ ಜಾಸ್ತಿ ಹೆದರಬೇಕು ಅಂತ ಮಲ್ಲಾಜಮ್ಮನಿಗೆ ಗೊತ್ತಿತ್ತು. ಆದರೆ ಒಲೆಯ ಮೇಲೆ ಬಾಣಂತಿಯ ಸಾರಿತ್ತು. ಒಳಗೆ ಹೋದಳು.

ಶನಿವಾರ ಹತ್ತನೆಯ ಕೈಗವಸಿಗೆ ಕೆಂಪು ದಾರ ಮುಗಿಯಿತು. ಇನ್ನೂ ಮೂರು ಬಾಕಿ. ಪಿರಿಯಾಪಟ್ಟಣಕ್ಕೆ ಹೋಗಿಬರಲು ಹೊತ್ತಿರಲಿಲ್ಲ. ಹುಚ್ಚಯ್ಯ ಗೂಟದಲ್ಲಿ ನೇತುಹಾಕಿದ್ದ ತನ್ನ ಕಂದು ಬಣ್ಣದ ಮಂಕಿ ಕ್ಯಾಪನ್ನು ನೋಡಿದ. ಆರು ಚಳಿಗಾಲ ತಲೆ ಕಾದ ಟೋಪಿ. ಅದರ ತುದಿ ಹುಡುಕಿ, ಕೆಂಪು ದಾರದ ಕೊನೆಗೆ ಅದನ್ನು ಗಂಟು ಹಾಕಿ ಬಿಚ್ಚುತ್ತಾ ಹೆಣೆದ. ಸಂಜೆ ಹೊತ್ತಿಗೆ ಹದಿಮೂರನೆಯದು ಮುಗಿಯಿತು. ಚಿನ್ನು ಏಳು ಮಕ್ಕಳಿಗೂ ತೊಡಿಸಿ, ಕುಣಿದು, ತಾತನ ಬೋಳುತಲೆಗೆ ಮುತ್ತು ಕೊಟ್ಟಳು. ಆ ತಲೆಗೆ ಆಗಲೇ ಚಳಿಯಾಗುತ್ತಿತ್ತು. ಆದರೂ ಪರವಾಗಿಲ್ಲ ಅನ್ನಿಸಿತು.

ಭಾನುವಾರ ಹನ್ನೊಂದಕ್ಕೆ ವ್ಯಾನು ಬಂತು. ಅಳಿಯ ಮಾದೇಶ ಓಡಿಸಿಕೊಂಡು ಬಂದಿದ್ದ. ಪಕ್ಕದಲ್ಲಿ ಅವನ ತಾಯಿ ಚಿಕ್ಕಬೀರಮ್ಮ. ಇಳಿದವರು ಕೂಸನ್ನು ಎತ್ತಿಕೊಂಡರು, ಬೆಳಕಿಗೆ ಹಿಡಿದರು, ಕೆನ್ನೆ ನೋಡಿದರು. ಗೀರು ಮಾಗಿ ಹೋಗಿತ್ತು. ಶಾಂತಲಾ ಉಸಿರು ಬಿಟ್ಟಳು. ಚಿಕ್ಕಬೀರಮ್ಮ ಕೂಸಿನ ಕೈಯಲ್ಲಿದ್ದ ಬಿಳಿ ಕೈಗವಸನ್ನು ಬೆರಳಲ್ಲಿ ಒಮ್ಮೆ ಸವರಿ, "ಸರಿಯಾಗೈತೆ," ಅಂದರು. ಅಷ್ಟೇ.

ಅಷ್ಟಕ್ಕೇ ಬಿಡಬಾರದೇ ಹುಚ್ಚಯ್ಯ?

"ಅದೇನ್ ಬುಡಿ ಬೀಗ್ತಿ, ಅಂಗಡಿ ಮಾಲು," ಅಂದ. "ಕೈಯಲ್ಲಿ ಹೆಣ್ದದ್ದು ಅಂದ್ರೆ ಇದು ನೋಡಿ." ಒಳಗಿಂದ ತಂದ. ಒಂದು ಹೊಗೆಸೊಪ್ಪಿನ ಕೋಲಿಗೆ ಏಳು ಗೊಂಬೆಗಳನ್ನು ಸಾಲಾಗಿ ಕಟ್ಟಿದ್ದ. ಚಿನ್ನುವಿಗೆ ಹೊತ್ತುಕೊಂಡು ಹೋಗಲು ಅನುಕೂಲವಾಗಲಿ ಅಂತ. ಕೈಗವಸು ತೊಟ್ಟ ಏಳು ಜನ, ಬ್ಯಾರನ್ನಿಗೆ ಏರಲು ಸಿದ್ಧವಾದ ಸೊಪ್ಪಿನ ಹಾಗೆ ತೂಗುತ್ತಿದ್ದರು.

ಚಿಕ್ಕಬೀರಮ್ಮ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಹೂಂ," ಅಂದರು.

"ಜೀವ ಐತೆ ಅಲ್ವಾ?"

"ಜೀವ ಐತೆ. ಎಷ್ಟು ಹೊತ್ತು ಇರ್ತದೋ."

ಊಟಕ್ಕೆ ಮುದ್ದೆ, ನಾಟಿಕೋಳಿ ಸಾರು. ಉಂಡಾದ ಮೇಲೆ ಚಿಕ್ಕಬೀರಮ್ಮ ಮರ್ಯಾದೆಗೆ ಕರೆದರು. "ನೀವೂ ಬನ್ನಿ ಬೀಗ್ರೇ, ನಾಕು ದಿನ ಇದ್ದು ಬರೀರಂತೆ."

"ಅಯ್ಯೋ, ಬೀಗರ ಮನೇಲಿ ತಂಗೋ ಗಂಡಸಲ್ಲ ಕಣ್ರಿ ನಾನು," ಅಂದು ಹುಚ್ಚಯ್ಯ ಗತ್ತಿನಿಂದ ಎಲೆಅಡಿಕೆ ಚೀಲ ಬಿಚ್ಚಿ ಬೀಗ್ತಿಯ ತಟ್ಟೆಗೆ ಕೊಡವಿದ. ಎರಡು ಎಲೆ ಬಿತ್ತು, ಒಂದು ಅಡಿಕೆ ಬಿತ್ತು, ಒಂದು ಪುಟ್ಟ ತೋಳು ಬಿತ್ತು. ಖಾಕಿ ತೋಳು, ಮೂರು ಬೆರಳಿಗೆ ಸುಣ್ಣ ಮೆತ್ತಿತ್ತು.

"ಡ್ಯೂಟಿ ಮುಗೀತು ಅನ್ಸುತ್ತೆ," ಅಂದಳು ಚಿನ್ನು.

ನಾಲ್ಕೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಬಾಣಂತಿ ಹೊಸ್ತಿಲು ದಾಟಬೇಕು. ಮೂರೂ ಮುಕ್ಕಾಲಿಗೆ ತೊಟ್ಟಿಲನ್ನು ವ್ಯಾನಿನ ಮೇಲೆ ಕಟ್ಟಿದರು. ಮಡಿಲಕ್ಕಿ ಹಾಕಿದರು. ಎಲ್ಲರೂ ಹತ್ತಿ ವ್ಯಾನು ನಾಲ್ಕು ಮಾರು ಹೋಗಿರಬೇಕು, ಮಾದೇಶನ ಮೊಬೈಲು ಚಾರ್ಜಿಗೆ ಹಾಕಿದ್ದು ಒಳಗೇ ಉಳಿದಿದೆ ಅಂತ ನೆನಪಾಯಿತು. ಹೊರಟವರು ಹಿಂದಕ್ಕೆ ಬಂದರೆ ಹಾಗೇ ಹೋಗುವಂತಿಲ್ಲ. ಎಲ್ಲರೂ ಇಳಿದು, ಒಳಗೆ ಕೂತು, ಒಂದೊಂದು ಗುಟುಕು ನೀರು ಕುಡಿದು ಮತ್ತೆ ಹೊರಟರು.

ಎಲ್ಲ ಕೆಟ್ಟದ್ದು ಈ ಎರಡನೆಯ ಸಲವೇ. ಕಡೆಯದಾಗಿ ಹೊರಬಂದವಳು ಚಿನ್ನು, ಕೋಲು ಹೆಗಲ ಮೇಲೆ. ಹದಿಮೂರನೆಯ ಕೈಗವಸಿನಿಂದ ಒಂದು ಮಾರಿನಷ್ಟು ಕಂದು ದಾರ ಬಾಲದ ಹಾಗೆ ಹಿಂದೆ ಇಳಿಬಿದ್ದಿತ್ತು. ಬಾಗಿಲು ದಾಟುವಾಗ ಆ ಬಾಲ ಚಿಲಕಕ್ಕೆ ಸುತ್ತಿಕೊಂಡಿತು. ಯಾರೂ ನೋಡಲಿಲ್ಲ. ವ್ಯಾನು ಹೊರಟಿತು. ಕಿಟಕಿಯಿಂದ ಗೊಂಬೆಗಳು ತಲೆ ಹೊರಹಾಕಿದ್ದವು.

ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದ ಹುಚ್ಚಯ್ಯನ ಕಿವಿಯ ಪಕ್ಕ ಒಂದು ಕಂದು ಎಳೆ ಬಿಗಿಯಾಗಿ ನಿಂತಿತು. ಅವನು ಅದನ್ನು ನೋಡಿದ. ಚಿಲಕದಿಂದ ಹೊರಟು, ಅಂಗಳ ದಾಟಿ, ಬೀದಿಯಲ್ಲಿ ವ್ಯಾನಿನ ಹಿಂದೆಯೇ ಹೋಗುತ್ತಿತ್ತು. ಒಂದು ಗಳಿಗೆ ಅವನ ಕಣ್ಣು ತುಂಬಿ ಬಂತು. ಮಗಳು ಹೋಗುತ್ತಿದ್ದಾಳೆ, ತವರಿನ ಎಳೆಯೊಂದು ಬಿಡದೆ ಹಿಂದೆ ಹೋಗುತ್ತಿದೆ, ಎಂಥ ಚೆಂದ ಅನ್ನಿಸಿತು.

ಆಮೇಲೆ ಕಂದು ಬಣ್ಣ ಮುಗಿದು ಕೆಂಪು ಶುರುವಾಯಿತು.

"ಲೇ ಮಲ್ಲಾಜಿ, ಬಿಚ್ಕೊತೈತೆ ಕಣೆ," ಅಂದು ಹುಚ್ಚಯ್ಯ ದಾರವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದ.

"ಎಳೀಬೇಡಿ," ಅಂತ ಮಲ್ಲಾಜಮ್ಮ ಒಳಗಿಂದ ಕೂಗುವಷ್ಟರಲ್ಲಿ ಇನ್ನೆರಡು ಕೈಗವಸು ಹೋಗಿದ್ದವು.

ಹುಚ್ಚಯ್ಯ ಸೈಕಲ್ ಹತ್ತಿದ. ಹಿಂದಿನ ಚಕ್ರದಲ್ಲಿ ಎಷ್ಟು ಕಡ್ಡಿ ಉಳಿದಿವೆ ಅಂತ ಯೋಚಿಸುವ ಹೊತ್ತಲ್ಲ ಅದು. "ನಿಲ್ಸ್ರಪ್ಪೋ, ನಿಲ್ಸ್ರೋ" ಅಂತ ಒಂದು ಕೈ ಎತ್ತಿ ಬೀಸುತ್ತಾ ಬೆನ್ನಟ್ಟಿದ. ವ್ಯಾನಿನಲ್ಲಿದ್ದವರು ಹಿಂತಿರುಗಿ ನೋಡಿದರು. ಪಾಪ, ಎಷ್ಟು ಪ್ರೀತಿ ಅಂದುಕೊಂಡು ಅವರೂ ಕೈ ಬೀಸಿದರು. ಬೀದಿಯುದ್ದಕ್ಕೂ ದಾರ ನಡುಮಟ್ಟಕ್ಕೆ ನಿಂತಿತ್ತು. ಕುಳ್ಳಮ್ಮನ ಹುಂಜ ಅದಕ್ಕೆ ಕಾಲು ಸಿಕ್ಕಿಸಿಕೊಂಡು ಬೀದಿ ಮಧ್ಯೆ ನಾಟ್ಯ ಮಾಡುತ್ತಿತ್ತು. ಹಾಲಿನ ಡೈರಿಯ ಮುಂದೆ ಸೈಕಲ್ಲಿನ ಚಕ್ರ ಮೊದಲು ಹಪ್ಪಳದ ಹಾಗೆ ಸೊಟ್ಟಗಾಯಿತು, ಆಮೇಲೆ ನೆಲಕ್ಕೆ ಒರಗಿತು. ಹುಚ್ಚಯ್ಯನೂ ಅದರ ಜೊತೆಗೇ ಒರಗಿದ. ಆ ಹೊತ್ತಿಗೆ ಸರಿಯಾಗಿ ವ್ಯಾನಿನೊಳಗಿಂದ ಚಿನ್ನುವಿನ ಕೂಗು ಕೇಳಿಸಿತು. ಸಾಲಿಗ್ರಾಮದವರೆಗೂ ಕೇಳಿಸಿರಬೇಕು.

ಹೀಗೆ ವ್ಯಾನು ಎರಡನೆಯ ಸಲ ಹಿಂದಕ್ಕೆ ಬಂತು. ಎಲ್ಲರೂ ಮತ್ತೆ ಕೂತರು. ಮತ್ತೆ ನೀರು ಬಂತು. ಚಿನ್ನು ಕುಡಿಯಲಿಲ್ಲ. ಕೋಲಿನಲ್ಲಿ ಏಳು ಗೊಂಬೆಗಳು ಬರಿಗೈಯಲ್ಲಿ ತೂಗುತ್ತಿದ್ದವು. ಮಿಸ್ಸಿನ ಎಡಗೈಯಲ್ಲಿ ಮಾತ್ರ ಅರ್ಧ ಕೈಗವಸು ಉಳಿದಿತ್ತು. ಚಿನ್ನು ಸದ್ದಿಲ್ಲದೆ ಹೋಗಿ ತಮ್ಮನ ಎರಡೂ ಕೈಗವಸನ್ನು ಕಿತ್ತುಕೊಂಡು ಬಂದು ಮೂಲೆಯಲ್ಲಿ ಕೂತಳು.

"ನಾ ಬರಕಿಲ್ಲ. ತಾತ ಆಣೆ ಮಾಡಿತ್ತು."

ಕೂಸು ಕೈ ಬಿಡುಗಡೆಯಾದದ್ದೇ ತಡ, ಕೆನ್ನೆಗೆ ಕೈ ಹಾಕಿತು. ಶಾಂತಲಾ ಅದನ್ನು ಹಿಡಿದುಕೊಂಡಳು. ಮಾದೇಶ ಗಡಿಯಾರ ನೋಡಿದ. ನಾಲ್ಕೂ ಹತ್ತು. ಹುಚ್ಚಯ್ಯ ತರಚಿದ ಮೊಣಕಾಲ ಮೇಲೆ ಅರಿಶಿನ ಒತ್ತಿಕೊಂಡು ನೆಲ ನೋಡುತ್ತಾ ಕೂತಿದ್ದ. ಸೈಕಲ್ ಹೋದದ್ದಕ್ಕಲ್ಲ, ಟೋಪಿ ಹೋದದ್ದಕ್ಕಲ್ಲ. ಐದು ವರ್ಷದ ಯಜಮಾನಿ ಅವನ ಕಡೆ ನೋಡುತ್ತಿರಲಿಲ್ಲ, ಅದಕ್ಕೆ.

ಚಿಕ್ಕಬೀರಮ್ಮ ಎದ್ದರು. ಅವರು ಮಿಸ್ಸಿನ ಕೈಯಲ್ಲಿದ್ದ ಅರ್ಧ ಕೈಗವಸನ್ನು ಹಿಡಿದು ನೋಡಿದರು.

"ಹೆಣಿಗೆ ಚೆನ್ನಾಗೈತೆ ಬೀಗ್ರೇ. ಮುಚ್ಚೋದು ಯಾಕೆ ಕಲೀಲಿಲ್ಲ?"

ಹುಚ್ಚಯ್ಯ ಸಣ್ಣ ದನಿಯಲ್ಲಿ ಅಂದ: "ಬಸ್ಸು ಬಂತು ಬೀಗ್ತಿ."

"ಇದನ್ನ ನೋಡಿ." ಚಿನ್ನುವಿನ ಮಡಿಲಿನಿಂದ ಬಿಳಿ ಕೈಗವಸು ಎತ್ತಿ ನೀಲಿ ಅಂಚನ್ನು ತೋರಿಸಿದರು. "ಕೊನೆ ಸಾಲಲ್ಲಿ ಒಂದು ಕುಣಿಕೆ ಮೇಲೆ ಇನ್ನೊಂದನ್ನ ದಾಟಿಸ್ತಾ ಬರಬೇಕು. ಆಮೇಲೆ ಎಮ್ಮೆ ಕಟ್ಟಿ ಎಳೆದ್ರೂ ಬಿಚ್ಚಕಿಲ್ಲ. ಮಾದೇಶ ಹುಟ್ದಾಗ ಕಲ್ತೆ. ಈ ಕೂಸಿಗೆ ಹೆಣೆಯೋ ಹೊತ್ಗೆ ಕಣ್ಣು ಮಂಜು, ಹದಿನೈದು ದಿನ ಹಿಡೀತು."

ಹುಚ್ಚಯ್ಯನಿಗೆ ಮಿಷಿನ್ನು, ಒತ್ತಿ ತೆಗೆದದ್ದು, ಜೀವ ಇಲ್ಲದ್ದು, ಎಲ್ಲ ಒಂದರ ಹಿಂದೆ ಒಂದು ನೆನಪಾಯಿತು. ಆ ಗಂಟಿನ ಹಾಗೆಯೇ, ಒಂದು ಎಳೆದದ್ದಕ್ಕೆ ಅಷ್ಟೂ ಉದುರಿದವು.

"ನೀವು... ನೀವು ಹೆಣ್ದಿದ್ದಾ?"

"ಅಂಗಡಿ ಮಾಲಿನಂಗೆ ಕಾಣ್ತದೆ ಅಂದ್ರಲ್ಲ, ನಂಗೆ ಖುಷಿನೇ ಆಯ್ತು ಬುಡಿ," ಅಂದರು ಚಿಕ್ಕಬೀರಮ್ಮ. ಆ ಮುಖದಲ್ಲಿ ನಗು ಇದ್ದದ್ದನ್ನು ಶಾಂತಲಾ ಆರು ವರ್ಷದಲ್ಲಿ ಮೊದಲ ಸಲ ನೋಡಿದಳು. "ಚಿನ್ನು, ನಿನ್ ತಾತ ನಮ್ ಜೊತೆ ಬರ್ಲಿ. ಹದಿಮೂರೂ ಮುಗಿಸಿಯೇ ವಾಪಸ್ ಬರ್ಲಿ. ಕೊನೆ ನಾನು ತೋರಿಸ್ತೀನಿ. ಆಗಬೌದಾ?"

ಚಿನ್ನು ಯೋಚಿಸಿದಳು. "ಪೊಲೀಸಪ್ಪನ ಕೈ ಅಂಟ್ಸುದ್ರೆ ಹದಿನಾಕು," ಅಂದಳು.

"ಹದಿನಾಕು," ಅಂತ ಒಪ್ಪಿದರು ಚಿಕ್ಕಬೀರಮ್ಮ.

"ಬೀಗರ ಮನೇಲಿ ನಾನು..." ಅಂತ ಹುಚ್ಚಯ್ಯ ಶುರುಮಾಡಿದ. ಎಲ್ಲರೂ ಅವನ ಕಡೆ ನೋಡಿದರು. ಕೂಸು ಕೂಡ ನೋಡಿತು. ಅವನು ಗೂಟದ ಕಡೆ ಕೈ ಚಾಚಿದ, ಟೋಪಿಗೆ. ಗೂಟ ಖಾಲಿಯಿತ್ತು.

ಮಲ್ಲಾಜಮ್ಮ ಬೀದಿಯಿಂದ ದಾರವನ್ನು ಸುತ್ತಿಕೊಂಡು ಬಂದಳು. ಕೆಂಪೂ ಕಂದೂ ಸೇರಿ ತೆಂಗಿನಕಾಯಿಯಷ್ಟು ಉಂಡೆ, ಅದರಲ್ಲಿ ಎರಡು ಹುಂಜದ ಪುಕ್ಕ. ಗಂಡನ ಕಂಕುಳಿಗೆ ಅದನ್ನು ಸಿಕ್ಕಿಸಿ, ಅವನ ತಲೆಗೆ ತನ್ನ ಹಳೇ ಟವೆಲ್ಲೊಂದನ್ನು ಬಿಗಿಯಾಗಿ ಸುತ್ತಿದಳು. ಚಿನ್ನು ಮಿಸ್ಸಿನ ಅರ್ಧ ಕೈಗವಸಿನ ಎಳೆಯನ್ನು ತಾತನ ಹೆಬ್ಬೆರಳಿಗೆ ಮೂರು ಸುತ್ತು ಸುತ್ತಿ ಕಟ್ಟಿದಳು.

"ಬೆರಳು ಅಲ್ಲಾಡಿಸ್ಬೇಡ ತಾತ. ಇದೂ ಬಿಚ್ಕೊತದೆ."

ನಾಲ್ಕೂ ಇಪ್ಪತ್ತೈದಕ್ಕೆ, ಆ ದಿನದ ಮಟ್ಟಿಗೆ ಕಡೆಯ ಸಲ, ಎಲ್ಲರೂ ಹೊಸ್ತಿಲು ದಾಟಿದರು. ಕಡೆಯವನು ಹುಚ್ಚಯ್ಯ. ಒಂದು ಕೈಯಲ್ಲಿ ಎರಡು ಸೈಕಲ್ ಕಡ್ಡಿ, ಇನ್ನೊಂದು ಹೆಬ್ಬೆರಳು ಮೇಲಕ್ಕೆತ್ತಿ ಹಿಡಿದದ್ದು.

ಎದುರು ಜಗಲಿಯಲ್ಲಿ ಕುಳ್ಳಮ್ಮ ಹುಂಜವನ್ನು ಮಡಿಲಲ್ಲಿಟ್ಟುಕೊಂಡು ಸಮಾಧಾನ ಮಾಡುತ್ತಿದ್ದಳು. ಆ ಮಾತು ಹುಟ್ಟಿಸಿದವಳು ಅವಳೇ ತಾನೆ. ಈಗ ಅದು ತಪ್ಪಾದದ್ದು ಅವಳಿಗೆ ಸಹಿಸಲಾಗಲಿಲ್ಲ.

"ಅಲ್ಲ ಮಲ್ಲಾಜಕ್ಕ, ಹುಚ್ಚಯ್ಯಣ್ಣ ಹಾಕಿದ ಗಂಟ ನೀನೇ ಬಿಚ್ಚಬೇಕು ಅಂತಿದ್ವಿ. ಇದು ನೀನು ಮುಟ್ಟದೇನೇ ತಾನಾಗೇ ಬಿಚ್ಕೊಂತಲ್ಲ?"

ಮಲ್ಲಾಜಮ್ಮ ಚಿಲಕಕ್ಕೆ ಇನ್ನೂ ಅಂಟಿದ್ದ ಕಂದು ಎಳೆಯನ್ನು ಬಿಡಿಸುತ್ತಾ ಅಂದಳು:

"ಬಿಚ್ಕೊಳ್ದೆ ಏನ್ಮಾಡೀತೆ? ಮದುವೆಯಾದ ವರ್ಷ ಆ ಗಂಟ ಅವರಿಗೆ ಕಲ್ಸುದೋಳೇ ನಾನು."

ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಹುಚ್ಚಯ್ಯನಿಗೆ ಅದು ಕೇಳಿಸಿತು. ಉತ್ತರ ಕೊಡಲು ತಿರುಗಬೇಕೆಂದುಕೊಂಡ. ತಿರುಗಿದರೆ ಒಳಗಿದ್ದ ಮಿಸ್ಸಿನ ಕೈಯ ದಾರ ಎಳೆಯುತ್ತದೆ. ಹೆಬ್ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು, ಬೀಗ್ತಿಯ ಪಕ್ಕ ಹೋಗಿ ಕೂತ.